ಮುಗ್ಧಾ ಕೂತಿರುವ ಕುರ್ಚಿ

ಖಾನಾಪುರ
೧೨ ನವೆಂಬರ್ ೨೦೨೪

ನನ್ನ ಮನೆಯಲ್ಲಿ ರಾತ್ರಿ ಮಾತ್ರ ತಂಗುವ ವಿಜ್ಞಾನಿ ಪರಾಗ ಅವರಿಗೆ, ನಿಮ್ಮ ಹೆಂಡತಿ ಪೂರ್ವಾಳ ನಮಸ್ಕಾರ.

ಒಂದೇ ಮನೆಯಲ್ಲಿದ್ದು ಪತ್ರವೇಕೆ ಅಂತೀರಾ? ಎದುರು ನಿಂತು ಹೇಳಿದರೆ ನೀವು "ಆಮ್ಯಾಲೆ ಮಾತಾಡೂಣು" ಎಂದು ಟವೆಲ್ ಹೆಗಲಿಗೆ ಹಾಕಿ ಬಚ್ಚಲಿಗೆ ನಡೆಯುತ್ತೀರಿ. ಅದಕ್ಕೇ ಇದನ್ನು ನಿಮ್ಮ ಚೀಲಕ್ಕೆ ತುರುಕಿದ್ದೇನೆ. ಬೆಳಗಾವಿಯ ಬಸ್ಸಿನಲ್ಲಿ ಬಚ್ಚಲಿಲ್ಲ, ಓದಿ.

ವಿಷಯ ಮುಗ್ಧಾ. ಆಕೆ ನಿಮ್ಮ ಲ್ಯಾಬಿಗೆ ಸೇರಿದಾಗಿನಿಂದ ಮನೆಯಲ್ಲಿ ಎರಡೇ ಜಪ: ಒಂದು ಯುರೇನಿಯಂ, ಇನ್ನೊಂದು ಮುಗ್ಧಾ. ಅಣುಸ್ಥಾವರದ ಕೊಳೆನೀರಿನಂಥ ನೀರಿಗೆ ಕರೆಂಟ್ ಹರಿಸಿ, ಅದರಲ್ಲಿ ಕರಗಿದ ಯುರೇನಿಯಂ ಎಲೆಕ್ಟ್ರೋಡಿಗೆ ಅಂಟುವಂತೆ ಮಾಡುವುದು ನಿಮ್ಮಿಬ್ಬರ ಕೆಲಸ. ಯಾರು ಯಾರಿಗೆ ಅಂಟುತ್ತಿದ್ದಾರೆಂದು ನಾನು ಅನುಮಾನಿಸಿದ್ದೂ ಖರೇ. ಎಲೆಕ್ಟ್ರಾನಿನ ಸಹವಾಸ, ನೆಗೆಟಿವ್ ಯೋಚನೆ ಬರದೇ ಇರುತ್ತದೆಯೇ?

ಹೋದ ತಿಂಗಳು ಯುರೇನಿಯಂ ಮುನಿಸಿಕೊಂಡಿತ್ತಲ್ಲ. ಸೋಡಿಯಂ, ಕ್ಯಾಲ್ಸಿಯಂಗಳೆಲ್ಲ ರವಿವಾರ ಪೇಟೆಯ ಗಾಡಿಗಳಂತೆ ಅಡ್ಡ ನಿಂತು ಅದಕ್ಕೆ ದಾರಿಯನ್ನೇ ಬಿಡುತ್ತಿರಲಿಲ್ಲ. ಹಿಟ್ಟು ನಾದುತ್ತಿದ್ದ ನಾನು, "ಒಂದ ಸವನ ಕರೆಂಟ್ ಕೊಡಬ್ಯಾಡ್ರಿ. ಚೂರು ಕೊಡ್ರಿ, ಬಿಡ್ರಿ, ಮತ್ತ ಕೊಡ್ರಿ. ಬಿಟ್ಟಾಗ ಬ್ಯಾರೇವು ದೂರ ಸರೀತಾವು" ಅಂದೆ. ಮುಂದಿನ ವಾರ ಯುರೇನಿಯಂ ಅಂಟಿ ಎಲೆಕ್ಟ್ರೋಡ್ ಹಳದಿಯಾಯಿತು, ಲ್ಯಾಬಿನಲ್ಲಿ ಕುಂದಾ ಹಂಚಿದರು. ನೀವು ಮನೆಗೆ ಬಂದು ಹೇಳಿದ್ದೇನು? "ಮುಗ್ಧಾನ ಐಡಿಯಾ ಛಲೋ ಕೆಲಸ ಮಾಡ್ತು ನೋಡು!" ನನ್ನ ಪಾಲಿನ ಕುಂದಾವನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ಮೊನ್ನೆ ಆ ಹಳದಿಯನ್ನೂ ಆಕೆಯನ್ನೂ ನೋಡಬೇಕೆಂದು, ನಿಮಗೆ ಹೇಳದೆ ಲ್ಯಾಬಿಗೆ ಬಂದಿದ್ದೆ. ನೀವು ಮಚ್ಛೆಯ ಕಾರ್ಖಾನೆಗೆ ಏನೋ ಮಾಡಿಸಲು ಹೋಗಿದ್ದಿರಿ. ಮುಗ್ಧಾ ಚಹಾ ತರಿಸಿದಳು. ಚೆಲುವೆ, ಒಪ್ಪಿದೆ. ಮಾತಿನ ನಡುವೆ ಅಂದಳು: "ಈ ಪೋಸ್ಟ್ ಬಂದಾಗ ನಮ್ಮ ಲ್ಯಾಬಿನ ಹೆಡ್ ರಾಧಾಬಾಯಿ ಮ್ಯಾಡಂ ಮೊದಲ ನಿಮ್ಮ ಹೆಸರ ತಗದಿದ್ರಂತ್ರಿ ವೈನಿ. ನೀವು ಸಾಲಿ ನೌಕರಿ ಬಿಟ್ಟು ಬರಾಂಗಿಲ್ಲ ಅಂತ ಸರ್ ಹೇಳಿದ್ರಂತ."

ನಾನು ಯಾವಾಗ ಹಾಗೆಂದೆ? ಎಂ.ಎಸ್ಸಿ. ಮುಗಿದಾಗ ನಮ್ಮಿಬ್ಬರಿಗೂ ಸೇರಿ ಈ ಲ್ಯಾಬಿನಲ್ಲಿ ಇದ್ದದ್ದು ಒಂದೇ ಹುದ್ದೆ. "ಸದ್ಯ ನೀ ಸಾಲಿ ಹಿಡಿ, ಎರಡನೇದು ಬಂದ್ರ ನಿಂದೇ" ಎಂದವರು ನೀವು. ಎರಡನೆಯದು ಬಂತು, ಮುಗ್ಧಾ ಕೂತಳು. ಆ ಕುರ್ಚಿ ನೋಡಿ ಹೊಟ್ಟೆ ಉರಿಯಿತು ರೀ. ನಿಮ್ಮ ಪಕ್ಕ ಯಾರಾದರೂ ಕೂರಲಿ. ಆ ಎಲೆಕ್ಟ್ರೋಡಿನ ಪಕ್ಕ ನಾನು ಕೂರಬೇಕಿತ್ತು. ಹಳದಿ ಮೂಡುವುದನ್ನು ಮೊದಲು ನಾನು ನೋಡಬೇಕಿತ್ತು.

ಯಾಕೆ ಮುಚ್ಚಿಟ್ಟಿರಿ? ಹೆಂಡತಿ ಬಾಜು ಕೂತು ತಪ್ಪು ತಿದ್ದುತ್ತಾಳೆಂದೇ?

ಇನ್ನೂ ನಿಮ್ಮವಳೇ ಆದ,
ಪೂರ್ವಾ

ತಾ.ಕ.: ಐಡಿಯಾ ಯಾರದೆಂದು ಮುಗ್ಧಾಳಿಗೆ ಹೇಳಿಬಿಟ್ಟೆ. ಆಕೆ ನಿಮ್ಮದೆಂದೇ ತಿಳಿದಿದ್ದಳು, ಪಾಪ; ಕೈ ಹಿಡಿದು ನೇರ ಮ್ಯಾಡಂ ಹತ್ತಿರ ಕರೆದೊಯ್ದಳು. ನಿಮ್ಮಿಬ್ಬರ ಕೆಲಸಕ್ಕೆ ಇನ್ನೊಬ್ಬರು ಬೇಕಂತೆ. ಒಪ್ಪಿದೆ, ಶಾಲೆಗೆ ರಾಜೀನಾಮೆಯನ್ನೂ ಕೊಟ್ಟೆ. ಮ್ಯಾಡಂ, "ಮನಿಯವರನ್ನ ಒಂದ್ ಮಾತು ಕೇಳೂದು ಬ್ಯಾಡೇನ್ರಿ?" ಅಂದರು. "ಅವರೂ ನನ್ನ ಕೇಳಿರಲಿಲ್ಲರಿ" ಅಂದೆ.