ಜಪಾನಿನ ಮುಲಾಮಿನ ಡಬ್ಬಿ

ಸನ್ನಿಬ್ಯಾಂಕ್, ಬ್ರಿಸ್ಬೇನ್
ಸೆಪ್ಟೆಂಬರ್ ೧೯೮೭

ರೀ,

ಪೋಸ್ಟಿಗೆ ಹಾಕಲಾಗದ ಕಾಗದ ಇದು, ಆದರೂ ಹೇಳದೆ ಇರಲಾರೆ. ನಿನ್ನೆ ಜಪಾನಿನಿಂದ ವಾಪಸು ಬಂದೆವು. ನಮ್ಮ ವಸುಧಾಳಿಗೂ ನಿಮ್ಮ ಹಾಗೇ ರೋಲರ್ ಕೋಸ್ಟರ್ ಹುಚ್ಚು. ನಾಲ್ಕು ವರ್ಷದ ಹಿಂದೆ ನೀವು ಗೇಟಿನ ತನಕ ಹೋಗಿ ಹಿಂತಿರುಗಿದಿರಲ್ಲ, ಆ ಪಾರ್ಕಿಗೇ ನನ್ನನ್ನು ಕರೆದುಕೊಂಡು ಹೋದಳು.

ಅವತ್ತು ಆ ಎತ್ತರ ನೋಡಿ, ನಿಮ್ಮನ್ನು ಕಳೆದುಕೊಂಡೇಬಿಟ್ಟೆ ಅನ್ನಿಸಿ, ತಲೆನೋವು ಅಂದಿದ್ದೆ. ಹೊಟ್ಟೆನೋವು ಅಂದರೆ ಒತ್ತಿ ನೋಡುತ್ತೀರಿ, ಜ್ವರ ಅಂದರೆ ಥರ್ಮಾಮೀಟರ್ ಇಡುತ್ತೀರಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಡಾಕ್ಟರ ಹೆಂಡತಿಗೆ ಅಷ್ಟು ತಿಳಿಯುತ್ತದೆ. ನೀವು ಎದುರಿನ ಅಂಗಡಿಯಿಂದ ಮುಲಾಮಿನ ಡಬ್ಬಿ ತಂದುಕೊಟ್ಟು, "ಮುಂದಿನ ವರ್ಷ ಬರೋಣ ಬಿಡು" ಅಂದಿರಿ. ಆ ಮುಂದಿನ ವರ್ಷ ಇದೇ ಮನೆಯ ಸೋಫಾದ ಮೇಲೆ, ಪೇಪರ್ ಓದುತ್ತಾ ಕೂತಲ್ಲೇ ಹೋಗಿಬಿಟ್ಟಿರಿ.

ಮೊನ್ನೆ ಸರದಿಯಲ್ಲಿ ನಿಂತಾಗ, ಸೀಟಿನ ಮೇಲಿನ ಕಂಬಿ ಸರಿಯಾಗಿ ಬಿಗಿಯುತ್ತಾರೋ ಇಲ್ಲವೋ ಎಂದು ನಾಲ್ಕು ಸಲ ಕೇಳಿದೆ.

"ಯಾಕಮ್ಮಾ, ಮತ್ತೆ ಹೆಡೇಕಾ?" ವಸುಧಾ ನಕ್ಕಳು. "ಅಪ್ಪಂಗೆ ಎಲ್ಲಾ ಗೊತ್ತಿತ್ತು. 'ಡಬ್ಬಿ ಸೀಲೇ ಒಡ್ದಿಲ್ಲ, ಆದ್ರೆ ನಂಗೆ ಗೊತ್ತು ಅಂತ ನಿಮ್ಮಮ್ಮಂಗೆ ಹೇಳ್ಬೇಡ' ಅಂದಿದ್ರು."

ಮುಂದಿನ ಸೀಟಿನಲ್ಲೇ ಕೂತೆ ಕಣ್ರೀ. ಮೇಲಕ್ಕೇರುವಾಗ ಕಣ್ಣು ಮುಚ್ಚಲಿಲ್ಲ. ದೂರದಲ್ಲಿ ಸಮುದ್ರ ಕಾಣಿಸಿತು, ಅಷ್ಟರಲ್ಲಿ ಕೆಳಕ್ಕೆ ಬಿದ್ದೆವು.

ಇಳಿದ ಮೇಲೆ ನಿಜವಾಗಿಯೇ ತಲೆ ಸಿಡಿಯತೊಡಗಿತು. ಡಬ್ಬಿ ಪರ್ಸಿನಲ್ಲೇ ಇತ್ತು. ಸೀಲು ಒಡೆಯಲು ಮನಸ್ಸಾಗಲಿಲ್ಲ.