ಬೋಳು ಕಡ್ಡಿಯ ಗುರುತು

ಸಸಿತೋಟದ ಶೆಡ್ಡಿನಿಂದ,
ಜನವರಿ ೧೯, ಸೋಮವಾರ

ಪ್ರೀತಿಯ ಅತ್ತೆಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಮೊಮ್ಮಗಳು ರಾತ್ರಿ ಮಲಗುತ್ತಾಳೋ, ಇಲ್ಲ ತಾಯಿಯ ಹಾಗೆ ಹಗಲೆಲ್ಲ ಗೊರಕೆ ಹೊಡೆದು ರಾತ್ರಿ ಬೀದಿಯನ್ನೇ ಎಬ್ಬಿಸುತ್ತಾಳೋ? (ಪುಟ್ಟೀ, ಬಾಣಂತಿಗೆ ಈ ಸಾಲು ನುಂಗುವ ಹಕ್ಕಿಲ್ಲ. ಅಮ್ಮನಿಗೆ ಕಾಗದ ಓದಿ ಹೇಳುವವಳು ನೀನೇ ಎಂದು ನನಗೆ ಗೊತ್ತು, ಜೋರಾಗಿ ಓದು.) ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗ ಮೂರು ವಾರದಿಂದ ನನ್ನ ಕೈ ಅಡುಗೆ ಉಂಡೂ ಬದುಕಿದ್ದಾರೆ, ಅದೇ ದೊಡ್ಡ ಸುದ್ದಿ. ಚಳಿ ಮೂಳೆಗಿಳಿಯುತ್ತಿದೆ. ತೋಟದಲ್ಲಿ ಒಂದು ಗಿಡದ ಮೈಮೇಲೂ ಎಲೆಯಿಲ್ಲ.

ಹೋದ ವಾರ ನಿವೃತ್ತ ಅಂಚೆಯವರು ಬಂದಿದ್ದರು, ನಲವತ್ತು ಏಪ್ರಿಕಾಟ್ ಸಸಿ ಹೇಳಿದ್ದರಲ್ಲ, ಅವರೇ. ಶನಿವಾರ ಗಾಡಿ ತರುವವರು ಬುಧವಾರವೇ ಬಂದು ನಿಂತರು. ನೀವು ಪುಟ್ಟಿಯ ಬಾಣಂತನಕ್ಕೆ ಹೊರಡುವ ಮುನ್ನ ಕಟ್ಟು ಕಟ್ಟಿ, ಚೀಟಿ ತೂಗುಹಾಕಿ, ಬೇರುಗಳನ್ನು ಮರಳಿನಲ್ಲಿ ಹೂತು ಹೋದಿರಲ್ಲ, ಅದನ್ನೆಲ್ಲ ಒಂದು ಸುತ್ತು ನೋಡಿ, "ಇದೇನಮ್ಮಾ, ಎಲ್ಲಾ ಒಂದೇ ಥರ ಪೊರಕೆಕಡ್ಡಿ. ನಾಲ್ಕು ವರ್ಷ ನೀರು ಹಾಕಿದ ಮೇಲೆ ಬೇರೆ ಏನೋ ಬಿಟ್ರೆ ನಾನೇನು ಮಾಡ್ಲಿ? ನಂಗೀಗ ಎಪ್ಪತ್ನಾಲ್ಕು," ಎಂದರು. ಮಾತು ನಗುತ್ತಲೇ ಆಡಿದರು, ಆದರೆ ಅದು ನೇರವಾಗಿ ನನ್ನ ಎದೆಗೇ ನಾಟಿತು. ಅವರ ವಯಸ್ಸಿನಲ್ಲಿ ಇನ್ನೊಮ್ಮೆ ನೆಟ್ಟು ಕಾಯುವುದೆಂದರೆ ಆಗುವ ಮಾತಲ್ಲ. ತಪ್ಪು ಸಸಿ ಕೊಟ್ಟರೆ ಅವರ ಪಾಲಿನ ಹಣ್ಣನ್ನೇ ಕಿತ್ತುಕೊಂಡ ಹಾಗೆ.

ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಸುಮ್ಮನಿರಲಾರದೆ ಪಾಠ ಶುರುಮಾಡಿದೆ. ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ನೀವು ನನ್ನ ಕೈಗೆ ಕಡ್ಡಿಗಳನ್ನು ಕೊಟ್ಟು, "ಎಲೆ ನೋಡಿ ಹೆಸರು ಹೇಳೋದು ದೊಡ್ಡ ವಿಷಯವಲ್ಲ, ಮೇಕೆಗೂ ಗೊತ್ತು. ಬೋಳು ಕಡ್ಡಿ ಹಿಡಿದು ಹೇಳು," ಎಂದು ಅಳುವ ತನಕ ಗೋಳುಹೊಯ್ದುಕೊಂಡಿರಲ್ಲ, ಆ ಪಾಠವನ್ನೇ ಒಪ್ಪಿಸಿದೆ. ಸೇಬಿನ ಮೊಗ್ಗು ಕಡ್ಡಿಗೆ ಅಂಟಿಕೊಂಡು ಮಲಗಿರುತ್ತದೆ, ಮೇಲೆ ನವಿರಾದ ರೋಮ ಇರುತ್ತದೆ. ಪೇರಿನದು, ಅದೇ ಮರಸೇಬಿನದು, ನುಣುಪು, ಚೂಪು, ಕಡ್ಡಿಯಿಂದ ದೂರ ಸಿಡಿದುಕೊಂಡು ಬೆರಳಿಗೆ ಚುಚ್ಚುತ್ತದೆ. ಅಕ್ರೋಟಿನ ಕಡ್ಡಿಯನ್ನು ಉದ್ದಕ್ಕೆ ಸೀಳಿ ತೋರಿಸಿದೆ, ಒಳಗಿನ ತಿರುಳು ಏಣಿಯ ಮೆಟ್ಟಿಲಿನ ಹಾಗೆ ಖಾನೆ ಖಾನೆಯಾಗಿರುವುದನ್ನು ಕಂಡು ಅಂಚೆಯವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಚೆರಿಯ ತೊಗಟೆಯ ಅಡ್ಡಗೆರೆಗಳನ್ನು ಅವರೇ ಕಂಡುಹಿಡಿದರು. ನಾನು ಉಬ್ಬಿಹೋದೆ. "ಈಗ ನಿಮ್ಮ ಏಪ್ರಿಕಾಟ್ ನೋಡಿ, ಕೆಂಪಗೆ ಹೇಗೆ ಹೊಳೀತಾ ಇದೆ," ಎಂದು ಅವರ ಕಟ್ಟನ್ನು ಎಳೆದರೆ, ಕೈಯಲ್ಲಿದ್ದದ್ದು ಬೂದುಗಂದು ಕಡ್ಡಿ. ಚೀಟಿಯಲ್ಲಿ ಏಪ್ರಿಕಾಟ್, ಕಟ್ಟಿನಲ್ಲಿ ಪ್ಲಮ್.

ಗಿರಾಕಿಯ ಎದುರಿಗೇ ಮುಖ ಕೆಂಪಾಯಿತು. ಮುಚ್ಚಿಡಲು ಮನಸ್ಸು ಬರಲಿಲ್ಲ. "ಇದು ನಿಮ್ಮದಲ್ಲ. ಶನಿವಾರ ಬನ್ನಿ, ಒಂದೊಂದನ್ನೂ ನೋಡಿ ಕೊಡ್ತೀನಿ," ಎಂದೆ. ಅವರು ನನ್ನ ಮಾತನ್ನೇ ನಂಬಿ, ಕಾಗದದಲ್ಲಿ ಬರೆಸಿಕೊಳ್ಳದೆಯೇ ಹೊರಟುಹೋದರು. ನಾನು ಒಲೆ ಆರಿಸಿ, ಸ್ವೆಟರಿನ ಮೇಲೆ ನಿಮ್ಮ ಸ್ವೆಟರನ್ನೂ ಹಾಕಿಕೊಂಡು ಮರಳಿನ ಗುಣಿಗೆ ಇಳಿದೆ. ಎರಡು ದಿನ, ಒಟ್ಟು ಮೂವತ್ತೊಂದು ಕಟ್ಟು. ಹಳೆಯ ತಾಯಿಮರಗಳಿಂದ ಒಂದೊಂದು ಕಡ್ಡಿ ಮುರಿದು ತಂದು ಪಕ್ಕದಲ್ಲಿಟ್ಟು ಹೋಲಿಸಿದೆ. ನಾಲ್ಕು ಕಟ್ಟು ಅದಲುಬದಲಾಗಿತ್ತು, ನಾಲ್ಕೂ ಪ್ಲಮ್ ಮತ್ತು ಏಪ್ರಿಕಾಟಿನವು. ನೀವು ಅವಸರದಲ್ಲಿ ಹೊರಟ ದಿನ ಚೀಟಿ ಎತ್ತಿಕೊಟ್ಟವಳು ನಾನೇ ತಾನೇ, ನನ್ನದೇ ಎಡವಟ್ಟು ಇರಬೇಕು. ನಿಮ್ಮ ಮಗನಿಗೂ ಹಾಗೆಂದೇ ಹೇಳಿದ್ದೇನೆ. ಅವರು ನಕ್ಕರು.

ಮೊನ್ನೆ ಶನಿವಾರ ಅಂಚೆಯವರು ಗಾಡಿ ತಂದು ನಲವತ್ತು ಸಸಿಯನ್ನೂ ತಾವೇ ಬಿಸಿಲಿಗೆ ಹಿಡಿದು, ಕೆಂಪು ನೋಡಿ ಎಣಿಸಿಕೊಂಡು ಹೋದರು. ನೀವು ಬಂದ ಮೇಲೆ ಅಕ್ರೋಟಿಗೂ ಬರುತ್ತೇನೆಂದು ಹೇಳಿದ್ದಾರೆ. ಮಿಕ್ಕ ಕೆಲಸದ ಚಿಂತೆ ನಿಮಗೆ ಬೇಡ. ಮಗುವಿಗೆ ನನ್ನದೊಂದು ಮುತ್ತು ಕೊಡಿ, ಪುಟ್ಟಿಗೆ ಹೊಟ್ಟೆ ತುಂಬ ಉಣ್ಣಲು ಹೇಳಿ. ಪುಟ್ಟೀ, ಮಡಿಸಿ ಪಿನ್ನು ಚುಚ್ಚಿದ ಹಾಳೆಯನ್ನು ಅಮ್ಮನ ಕೈಗೇ ಕೊಡು. ಅದು ಸಸಿಯ ಲೆಕ್ಕಾಚಾರ, ನಿನಗೆ ಆಕಳಿಕೆ ಬರುತ್ತದೆ.

ನಿಮ್ಮ ಕಾಲಿಗೆ ಬೀಳುತ್ತಾ,
ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.

ಅತ್ತೆ, ಪಿನ್ನು ಚುಚ್ಚಿದ ಈ ಹಾಳೆಯನ್ನು ಚೀಟಿ ಬರೆಯುವ ಕುಂಚದಲ್ಲಿ, ಕಪ್ಪು ಬಣ್ಣದಲ್ಲಿ, ನೀವೇ ಓದಿಕೊಳ್ಳುವಷ್ಟು ದೊಡ್ಡದಾಗಿ ಬರೆದಿದ್ದೇನೆ. ಮೇಲಿನದೆಲ್ಲ ಪುಟ್ಟಿಯ ಕಿವಿಗೆ. ಎಡವಟ್ಟು ನನ್ನದಲ್ಲ, ನಿಮಗೂ ಗೊತ್ತು. ಬೆರಳಿಗೆ ತಿಳಿಯುವ ಸೇಬು, ಪೇರು, ಅಕ್ರೋಟು ಯಾವುದರಲ್ಲೂ ಒಂದು ತಪ್ಪಿಲ್ಲ. ತಪ್ಪಿರುವುದೆಲ್ಲ ಬಣ್ಣ ನೋಡಿಯೇ ಹೇಳಬೇಕಾದ ಕಡೆ ಮಾತ್ರ. ನಿಮಗೆ ಕೆಂಪು, ಬೂದು ಎರಡೂ ಒಂದೇ ಆಗಿದೆ. ನೀವು ಮುಟ್ಟಿ ನೋಡಿಯೇ ಇಡೀ ತೋಟ ನಡೆಸಿದ್ದೀರಿ. ನಾನು ಕಟ್ಟಿದ ಒಂದು ಪೇರಿನ ಕಟ್ಟಿನಲ್ಲಿ ಎರಡು ಸೇಬು ಸೇರಿಹೋಗಿದ್ದವು, ಅವನ್ನು ನೀವು ತೆಗೆದು ಬೇರೆ ಕಟ್ಟಿ ಹೋದದ್ದೂ ಸಿಕ್ಕಿತು. ನೆಟ್ಟಗಿರುವ ನನ್ನ ಕಣ್ಣಿಗೆ ಅವು ಕಂಡಿರಲಿಲ್ಲ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ಮಗು ನೋಡುವ ನೆಪ ಇದ್ದೇ ಇದೆ. ಹನ್ನೊಂದು ಗಂಟೆಗೆ ಅಲ್ಲಿನ ಕಣ್ಣಿನ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿಯಾಗಿದೆ. ಬೇಡ, ಆಮೇಲೆ, ಮಂಡಿನೋವು, ಯಾವುದೂ ನಡೆಯುವುದಿಲ್ಲ. ಪೊರೆಯಾಗಿದ್ದರೆ ತೆಗೆಸೋಣ. ಇನ್ನೇನೋ ಆಗಿದ್ದರೆ ಬಣ್ಣ ನಾನು ನೋಡುತ್ತೇನೆ, ಉಳಿದದ್ದನ್ನು ನೀವು ಮುಟ್ಟಿ ಹೇಳಿ. ತೋಟ ನಿಮ್ಮದೇ, ನಿಮ್ಮ ಕೈಯಿಂದ ಕತ್ತರಿ ಕಿತ್ತುಕೊಳ್ಳುವವರು ಈ ಮನೆಯಲ್ಲಿ ಯಾರೂ ಇಲ್ಲ. ಆದರೆ ನನಗೆ ನಿಮ್ಮ ಮೇಲೆ ಕೋಪ ಬಂದಿದೆ. ದಿನವೂ ಒಂದೇ ಶೆಡ್ಡಿನಲ್ಲಿ ಎದುರುಬದುರು ಕೂತು ಕೆಲಸ ಮಾಡಿದೆವು, ಅಷ್ಟು ದಿನವೂ ನೀವು ಒಬ್ಬರೇ ಹೆದರುತ್ತಿದ್ದಿರಿ.