ಪೇಡೆಯ ಡಬ್ಬಿ

ಫೆಬ್ರುವರಿ 3, ಬೆಳಿಗ್ಗೆ 10.40

ಮತ್ತೊಂದು ಹೋಯಿತು. ಪಾತ್ರೆ ಅಂಗಡಿ ಕಾಶಿನಾಥರದು. ಎಫ್‌ಡಿ ಮುಗಿದ ದಿನವೇ ಹಣವೆಲ್ಲ ಎದುರಿನ ಹೊಸ ಬ್ಯಾಂಕಿಗೆ. ಅಲ್ಲಿ ಅರ್ಧ ಪರ್ಸೆಂಟ್ ಜಾಸ್ತಿ. ಹೆಡ್ ಆಫೀಸಿಗೆ ಬರೆದರೆ, "ರೇಟ್ ಏರಿಸಲ್ಲ, ಸಂಬಂಧ ಉಳಿಸಿಕೊಳ್ಳಿ." ಮಾರ್ಚ್ ಒಳಗೆ ಠೇವಣಿ ಏರದಿದ್ದರೆ ನಮ್ಮ ಬೇಗಂ ಬಜಾರ್ ಬ್ರಾಂಚ್ ಮುಚ್ಚಿ ದೂರದ ಮಣಿಕೊಂಡ ಬ್ರಾಂಚಿಗೆ ಸೇರಿಸುತ್ತಾರಂತೆ. ಸಂಬಂಧವಂತೆ... ಹದಿನೆಂಟು ವರ್ಷ ಇಲ್ಲಿ ಮಾಡಿದ್ದೇನು ಹಾಗಾದರೆ?

ಯಾರ ಎಫ್‌ಡಿ ಯಾವತ್ತು ಮುಗಿಯುತ್ತದೆಂದು ಎದುರಿನವರಿಗೆ ತಿಳಿಯುವುದು ಹೇಗೆ? ಹಿಂದಿನ ದಿನವೇ ಅಂಗಡಿಗೆ ಬಂದು ಕೂರುತ್ತಾರೆ. ಒಳಗಿನವರೇ ಹೇಳುತ್ತಿದ್ದಾರೆ.

ಫೆಬ್ರುವರಿ 11

ನಮ್ಮ ಕ್ಲರ್ಕ್ ವಿನಾಯಕನನ್ನು ಎಲ್ಲರೆದುರೇ ಕೇಳಿದೆ. ತಾರೀಖಿನ ಲಿಸ್ಟ್ ಇರುವುದು ನನ್ನ ಹತ್ತಿರ, ಅವನ ಹತ್ತಿರ, ಅಷ್ಟೇ.

"ನಾ ಯಾರಿಗೂ ಹೇಳಿಲ್ರಿ ಮೇಡಂ. ಆರು ವರ್ಷ ಆತು ನಿಮ್ಮ ಕೈಕೆಳಗ ಕೆಲಸ ಮಾಡಾಕತ್ತಿ."

ಕಳ್ಳರೆಲ್ಲ ಹೀಗೇ ಹೇಳುವುದು ಎಂದೆ.

ಫೆಬ್ರುವರಿ 12

ರಾಜೀನಾಮೆ ಟೇಬಲ್ ಮೇಲಿಟ್ಟು ಹೋದ. ಹೋಗಲಿ.

ಮಾರ್ಚ್ 2, ಮಧ್ಯಾಹ್ನ

ಅವನು ಹೋದ ಮೇಲೂ ಇನ್ನೆರಡು ಹೋದವು.

ವಿನಾಯಕ ಇಲ್ಲ, ಪೇಡೆ ಡಬ್ಬಿ ಇವತ್ತು ನಾನೇ ಒಯ್ದೆ. ಎಫ್‌ಡಿ ಮುಗಿಯುವ ಹಿಂದಿನ ದಿನ ಗಿರಾಕಿಯ ಅಂಗಡಿಗೆ ಬ್ಯಾಂಕಿನ ಹೆಸರಿರುವ ಡಬ್ಬಿ — ನಾನೇ ಹಾಕಿಕೊಟ್ಟ ಪದ್ಧತಿ. ಕೊಟ್ಟು ಹೊರಗೆ ಬಂದೆ. ಎದುರಿನ ಬ್ಯಾಂಕಿನ ಹುಡುಗಿ ಚಹಾದಂಗಡಿಯಿಂದ ಎದ್ದು ಸೀದಾ ಒಳಗೆ ಹೋದಳು. ಡಬ್ಬಿ ನೋಡಿಕೊಂಡೇ ಬರುತ್ತಾರೆ. ಬಜಾರಿಗೆಲ್ಲ ಡಂಗುರ ಹೊಡೆಸಿದವಳು ನಾನು. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ವಿನಾಯಕನಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಮಾರ್ಚ್ 20

ಡಬ್ಬಿ ಬಂದ್. ಮೆಣಸಿನಕಾಯಿ ವ್ಯಾಪಾರದ ಗೋದಾಬಾಯಿಯವರ ಎಫ್‌ಡಿ ನಾಳೆ ಮುಗಿಯುತ್ತದೆ. ಎಲ್ಲಕ್ಕಿಂತ ದೊಡ್ಡದು. ಅದು ಉಳಿದರೆ ಬ್ರಾಂಚ್ ಉಳಿದೀತು. ಈ ಸಲ ಎದುರಿನವರು ಕಣ್ಣು ಬಿಟ್ಟುಕೊಂಡು ಕೂತಿರಲಿ.

ಮಾರ್ಚ್ 21, 11.15

ಗೋದಾಬಾಯಿ ಬಂದರು. ಕುರ್ಚಿ ಎಳೆದರೂ ಕೂರಲಿಲ್ಲ.

"ಪ್ರತಿ ಸಲ ಡಬ್ಬಿ ಬರ್ತಿತ್ತು, ಪ್ರೇಮಾ. ಈ ಸಲ ಇಲ್ಲ. ನಮ್ಮ ರೊಕ್ಕ ನಿಮಗ ಬ್ಯಾಡಾಗೈತಿ ಅಂದ್ಕೊಂಡೆ."

ಹಾಗಲ್ಲ ಅಕ್ಕಾ ಎನ್ನುವಷ್ಟರಲ್ಲಿ ಚೀಲದಿಂದ ಒಂದು ಡಬ್ಬಿ ತೆಗೆದು ಟೇಬಲ್ ಮೇಲಿಟ್ಟರು. ಎದುರಿನ ಬ್ಯಾಂಕಿನ ಹೆಸರು.

"ನಿನ್ನಿ ವಿನಾಯಕ ತಂದು ಕೊಟ್ಟ. ಈಗ ಅಲ್ಲೇ ಕೆಲಸಕ್ಕಿದ್ದಾನ. ಅವಗ ನಮ್ಮ ತಾರೀಖು ನೆನಪೈತಿ ನೋಡು. ರೊಕ್ಕ ಅಲ್ಲೇ ಇಡ್ತೀನಿ. ತಗೋ, ನೀನೂ ಒಂದು ತಿನ್ನು."

ಈ ಸಲ ಅವರಿಗೆ ತಾರೀಖು ಹೇಳಿದ್ದು ನಮ್ಮವನೇ. ನಮ್ಮವನಾಗಿದ್ದವನನ್ನು ನಾನೇ—